ಆರ್ಗ್ಯಾನಿಕ್ ಕೆಮಿಸ್ಟ್ರಿ ತಲೆಗೆ ಹತ್ತುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿರುವ ವಿದ್ಯಾರ್ಥಿನಿ. ತುಮಕೂರು ಜಿಲ್ಲೆಯ ನಮ್ಮೂರಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತೆ. ಪಿಯುಸಿಯಲ್ಲಿ ಎಲ್ಲವನ್ನೂ ಉರು ಹೊಡೆದು ಒಳ್ಳೆಯ ಅಂಕವನ್ನೇ ಪಡೆದಿದ್ದೆ. ಆದರೆ ಇಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿಯ ಇಂಟರ್ನಲ್ಸ್‌ನಲ್ಲಿ ಎರಡು ಸಲವೂ ಫೇಲಾಗಿದ್ದೇನೆ. ನೋಟ್ಸನ್ನು ಮತ್ತೆ ಮತ್ತೆ ಓದುತ್ತೇನೆ, ಓದುವಾಗ ಎಲ್ಲವೂ ತಿಳಿದಂತೆ ಇರುತ್ತದೆ, ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೆ ಯಾವ ರಿಯಾಕ್ಷನ್ನೂ ನೆನಪಿಗೆ ಬರುವುದಿಲ್ಲ. ಎಸ್‌ಎನ್1 ಎಲ್ಲಿ, ಎಸ್‌ಎನ್2 ಎಲ್ಲಿ ಎಂಬುದೇ ಗೊಂದಲ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಸಂದೇಹ ಕೇಳಲು ಬಾಯಿ ಬರುವುದಿಲ್ಲ. ಅಪ್ಪ ಅಮ್ಮನಿಗೆ ಇನ್ನೂ ಹೇಳಿಲ್ಲ, ರಾತ್ರಿ ನಿದ್ದೆಯೂ ಸರಿಯಾಗಿಲ್ಲ. ಈ ವಿಷಯ ನನ್ನಂಥವರಿಗೆ ಅಲ್ಲವೆಂದು ಬಿಟ್ಟುಬಿಡಲೇ?
— ಹೆಸರು ಬೇಡ, ವಿಜಯನಗರ, ಬೆಂಗಳೂರು

ಉತ್ತರ: ಬಿಡಬೇಡಿ, ಬಿಡುವ ತೀರ್ಮಾನವನ್ನು ಈಗಂತೂ ಮಾಡಬೇಡಿ. ನಿಮ್ಮ ಪತ್ರದಲ್ಲಿ ಬುದ್ಧಿಶಕ್ತಿಯ ಕೊರತೆ ನನಗೆ ಎಲ್ಲಿಯೂ ಕಾಣಲಿಲ್ಲ. ಪಿಯುಸಿಯಲ್ಲಿ ಫಲ ಕೊಟ್ಟ ಓದಿನ ಕ್ರಮವೊಂದನ್ನು, ಅದು ನಡೆಯದ ಕಡೆಗೂ ನೀವು ಶ್ರದ್ಧೆಯಿಂದ ಮುಂದುವರಿಸಿದ್ದೀರಿ ಎಂಬುದಷ್ಟೇ ಕಂಡಿತು. ಸಾವಯವ ರಸಾಯನಶಾಸ್ತ್ರದಲ್ಲಿ ರಿಯಾಕ್ಷನ್‌ಗಳ ಸಂಖ್ಯೆ ಯಾರ ಜ್ಞಾಪಕಶಕ್ತಿಗೂ ಮೀರಿದ್ದು. ಅವನ್ನು ಒಂದೊಂದಾಗಿ ನೆನಪಿಟ್ಟುಕೊಳ್ಳಲು ಹೊರಟವರು, ಎಷ್ಟೇ ಜಾಣರಾಗಿದ್ದರೂ, ಒಂದಲ್ಲ ಒಂದು ಸೆಮಿಸ್ಟರಿನಲ್ಲಿ ಸೋಲುತ್ತಾರೆ. ಪದವಿ ತರಗತಿಗಳಿಗೆ ಬಹಳ ವರ್ಷ ಇದೇ ಪಾಠ ಮಾಡಿದ ನಾನು ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ.

ನೀವು ಹೆಸರಿಸಿದ ಎಸ್‌ಎನ್1, ಎಸ್‌ಎನ್2ಗಳನ್ನೇ, ಅಂದರೆ ಅಣುವಿನಲ್ಲಿ ಒಂದು ಗುಂಪು ಹೋಗಿ ಅದರ ಜಾಗಕ್ಕೆ ಇನ್ನೊಂದು ಬರುವ ಎರಡು ದಾರಿಗಳನ್ನೇ, ತೆಗೆದುಕೊಳ್ಳೋಣ. ಮಿಥೈಲ್ ಬ್ರೋಮೈಡಿನಲ್ಲಿ ಇಂಗಾಲ ಮತ್ತು ಬ್ರೋಮಿನ್ ನಡುವಿನ ಬಂಧದ ಎಲೆಕ್ಟ್ರಾನುಗಳನ್ನು ಬ್ರೋಮಿನ್ ತನ್ನ ಕಡೆಗೆ ಹೆಚ್ಚು ಎಳೆದುಕೊಂಡಿರುತ್ತದೆ; ಆದ್ದರಿಂದ ಇಂಗಾಲದ ಮೇಲೆ ಅಲ್ಪಸ್ವಲ್ಪ ಧನ ಆವೇಶ ಇರುತ್ತದೆ. ಎಲೆಕ್ಟ್ರಾನ್ ಜೋಡಿಯನ್ನು ಹೊತ್ತ ಹೈಡ್ರಾಕ್ಸೈಡ್ ಅಯಾನು ಆ ಇಂಗಾಲವನ್ನು ಅರಸಿ ಬರುವುದು ಸಹಜ, ಮತ್ತು ಅದು ಬರುವುದು ಬ್ರೋಮಿನ್ ಇರುವ ದಿಕ್ಕಿಗೆ ಸರಿಯಾಗಿ ಎದುರು ಬದಿಯಿಂದ. ಹೊಸ ಬಂಧ ಕೂಡುತ್ತಿರುವಾಗಲೇ ಹಳೆಯ ಬಂಧ ಬಿಡುತ್ತದೆ. ಇದು ಎಸ್‌ಎನ್2. ಈಗ ಇಂಗಾಲದ ಸುತ್ತಲಿನ ಮೂರು ಹೈಡ್ರೋಜನ್‌ಗಳನ್ನು ತೆಗೆದು ಮೂರು ಮಿಥೈಲ್ ಗುಂಪುಗಳನ್ನು ಇಟ್ಟು ನೋಡಿ: ಹಿಂದಿನಿಂದ ಬರುವ ದಾರಿಯೇ ಮುಚ್ಚಿಹೋಯಿತು. ಹಾಗಾದರೆ ಈ ಟರ್ಷಿಯರಿ ಬ್ರೋಮೈಡ್ ಏನು ಮಾಡೀತು? ಬ್ರೋಮಿನ್ ತಾನಾಗಿಯೇ ಎಲೆಕ್ಟ್ರಾನ್ ಜೋಡಿಯೊಂದಿಗೆ ಮೊದಲು ಹೊರಟುಹೋಗುತ್ತದೆ, ಮೂರು ಮಿಥೈಲ್‌ಗಳ ಆಸರೆಯಿಂದ ಕಾರ್ಬೊಕ್ಯಾಟಯಾನು, ಅಂದರೆ ಧನ ಆವೇಶ ಹೊತ್ತ ಇಂಗಾಲದ ಅಯಾನು, ಕ್ಷಣಮಾತ್ರ ನಿಲ್ಲುತ್ತದೆ, ಆಮೇಲೆ ನೀರು ಬಂದು ಸೇರುತ್ತದೆ. ಇದು ಎಸ್‌ಎನ್1. 1930ರ ದಶಕದಲ್ಲಿ ಲಂಡನ್ನಿನಲ್ಲಿ ಹ್ಯೂಸ್ ಮತ್ತು ಇಂಗೋಲ್ಡ್ ಈ ಎರಡು ದಾರಿಗಳನ್ನು ಬೇರ್ಪಡಿಸಿದ್ದು ಮುಖ್ಯವಾಗಿ ವೇಗವನ್ನು ಅಳೆದು. ಎಸ್‌ಎನ್2ರಲ್ಲಿ ಹೈಡ್ರಾಕ್ಸೈಡ್ ಸಾಂದ್ರತೆಯನ್ನು ಎರಡು ಪಟ್ಟು ಮಾಡಿದರೆ ವೇಗವೂ ಎರಡು ಪಟ್ಟಾಗುತ್ತದೆ. ಎಸ್‌ಎನ್1ರಲ್ಲಿ, ತೆಳುವಾದ ಕ್ಷಾರ ದ್ರಾವಣದಲ್ಲಿ, ಅದನ್ನು ಹೆಚ್ಚಿಸಿದರೂ ವೇಗ ಬದಲಾಗುವುದಿಲ್ಲ. ಬ್ರೋಮಿನ್ ಹೊರಟುಹೋಗುವ ನಿಧಾನದ ಹೆಜ್ಜೆಯಲ್ಲಿ ಹೈಡ್ರಾಕ್ಸೈಡ್ ಭಾಗವಹಿಸುವುದೇ ಇಲ್ಲವಾದ್ದರಿಂದ ಅದು ಹೀಗಲ್ಲದೆ ಬೇರೆ ರೀತಿ ಇರಲು ಸಾಧ್ಯವಿಲ್ಲ.

ಈ ಒಂದು ಪ್ಯಾರಾವನ್ನು ನೀವು ಕೈಯಾರೆ ಬಿಡಿಸಿ ಅರಗಿಸಿಕೊಂಡರೆ, ಬ್ರೋಮಿನ್ ಹಿಡಿದ ಇಂಗಾಲಕ್ಕೆ ಒಂದು, ಎರಡು ಅಥವಾ ಮೂರು ಇಂಗಾಲಗಳು ಸೇರಿರುವುದನ್ನು ನೋಡಿ ಪ್ರೈಮರಿ, ಸೆಕೆಂಡರಿ, ಟರ್ಷಿಯರಿ ಎಂದು ನೋಟ್ಸಿನಲ್ಲಿರುವ ಪಟ್ಟಿಯನ್ನು ಕಂಠಪಾಠ ಮಾಡಬೇಕಾದ ಅಗತ್ಯವೇ ಉಳಿಯುವುದಿಲ್ಲ. ಅಷ್ಟೇ ಅಲ್ಲ, ಪಟ್ಟಿ ಕೈಕೊಡುವ ಕಡೆಯಲ್ಲೂ ನಿಮಗೆ ಉತ್ತರ ದೊರೆಯುತ್ತದೆ. ನಿಯೋಪೆಂಟೈಲ್ ಬ್ರೋಮೈಡ್ ಪ್ರೈಮರಿಯೇ ಆದರೂ ಎಸ್‌ಎನ್2 ದಾರಿಯಲ್ಲಿ ಅತ್ಯಂತ ನಿಧಾನ. ಪಟ್ಟಿ ನಂಬಿದವರು ಇಲ್ಲಿ ತಪ್ಪು ಬರೆಯುತ್ತಾರೆ. ಪಕ್ಕದ ಇಂಗಾಲದ ಮೇಲಿರುವ ಮೂರು ಮಿಥೈಲ್‌ಗಳು ದಾರಿಯನ್ನು ಅಡ್ಡಗಟ್ಟಿರುವುದನ್ನು ಕಂಡವರು ಸರಿಯಾಗಿ ಬರೆಯುತ್ತಾರೆ. ಫೀನಾಲಿನ ಪಿಕೆಎ (ಆಮ್ಲದ ಬಲದ ಅಳತೆ, ಕಡಿಮೆಯಾದಷ್ಟೂ ಆಮ್ಲ ಪ್ರಬಲ) ಸುಮಾರು 10, ಎಥನಾಲಿನದು ಸುಮಾರು 16, ಏಕೆ ಎಂಬ ಪ್ರಶ್ನೆಗೂ ದಾರಿ ಇದೇ: ಪ್ರೋಟಾನ್ ಹೋದ ಮೇಲೆ ಉಳಿದ ಋಣ ಆವೇಶ ಎಲ್ಲಿ ನೆಲೆಸುತ್ತದೆ ಎಂದು ಕೇಳಿಕೊಳ್ಳಿ. ಫೀನಾಲಿನಲ್ಲಿ ಅದು ಬೆಂಜೀನ್ ಉಂಗುರಕ್ಕೂ ಹರಡಿಕೊಳ್ಳುತ್ತದೆ, ಎಥನಾಲಿನಲ್ಲಿ ಆಕ್ಸಿಜನ್ ಮೇಲೆಯೇ ಉಳಿಯುತ್ತದೆ. ಪ್ರತಿ ರಿಯಾಕ್ಷನ್ ಎದುರಾದಾಗಲೂ ಎಲೆಕ್ಟ್ರಾನುಗಳು ಎಲ್ಲಿ ಹೆಚ್ಚಿವೆ, ಎಲ್ಲಿ ಕಡಿಮೆ ಇವೆ, ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ಕೇಳಿ, ಅವುಗಳ ಚಲನೆಯನ್ನು ತೋರಿಸುವ ಬಾಗಿದ ಬಾಣವನ್ನು ಎಲೆಕ್ಟ್ರಾನ್ ಇರುವ ಕಡೆಯಿಂದಲೇ ಆರಂಭಿಸಿ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚಾಗಿ ತಿದ್ದುತ್ತಿದ್ದುದು ತಿರುವುಮುರುವಾಗಿ ಎಳೆದ ಬಾಣವನ್ನು. ಬಾಣ ಸರಿಯಾದರೆ ಅರ್ಧ ವಿಷಯ ಸರಿಯಾದಂತೆ.

ಇನ್ನು, ಓದುವಾಗ ಎಲ್ಲವೂ ತಿಳಿದಂತೆ ಇರುತ್ತದೆ ಎಂದು ನೀವು ಬರೆದ ಮಾತಿಗೆ ಬರುತ್ತೇನೆ, ಏಕೆಂದರೆ ಮೋಸವಿರುವುದು ಅಲ್ಲಿಯೇ. ಮತ್ತೆ ಮತ್ತೆ ಓದಿದ ಪುಟ ಕಣ್ಣಿಗೆ ಪರಿಚಿತವಾಗುತ್ತದೆ, ಆ ಪರಿಚಯವನ್ನು ಮನಸ್ಸು ಕಲಿಕೆಯೆಂದು ತಿಳಿದುಬಿಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಂದು ಬರಹವನ್ನು ಎರಡು ಸಲ ಓದಿದ ವಿದ್ಯಾರ್ಥಿಗಳನ್ನೂ, ಒಂದು ಸಲ ಓದಿ ಇನ್ನೊಂದು ಸಲ ನೋಡದೆ ಬರೆದವರನ್ನೂ ಹೋಲಿಸಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ ನೋಡದೆ ಬರೆದವರು ಶೇ. 56ರಷ್ಟನ್ನೂ, ಎರಡು ಸಲ ಓದಿದವರು ಶೇ. 42ರಷ್ಟನ್ನೂ ನೆನಪಿಟ್ಟುಕೊಂಡಿದ್ದರು. ಆದ್ದರಿಂದ ಅಂದಿನ ಪಾಠವನ್ನು ಅಂದೇ ಸಂಜೆ ನೋಟ್ಸ್ ಮುಚ್ಚಿಟ್ಟು, ಬಿಳಿ ಹಾಳೆಯ ಮೇಲೆ ಬಾಣಗಳ ಸಮೇತ ಬರೆಯಿರಿ. ತೊಡಕಾದಲ್ಲಿ ಮಾತ್ರ ತೆರೆದು ನೋಡಿ. ಎರಡು ಮೂರು ದಿನ ಬಿಟ್ಟು, ಮತ್ತೆ ವಾರ ಬಿಟ್ಟು ಹಾಗೆಯೇ ಮಾಡಿ. ಆರಂಭದಲ್ಲಿ ಇದು ಕಷ್ಟವೆನಿಸುತ್ತದೆ, ಏನೂ ಬರುವುದಿಲ್ಲವೆಂದು ಬೇಸರವೂ ಆಗುತ್ತದೆ. ಆ ಕಷ್ಟಪಡುವಾಗಲೇ ಕಲಿಕೆ ನಡೆಯುತ್ತಿರುತ್ತದೆ. ಐಐಟಿಗಳ ಆನ್‌ಲೈನ್ ಪಾಠಗಳ ಯೋಜನೆಯಾದ ಎನ್‌ಪಿಟಿಇಎಲ್‌ನ ಉಪನ್ಯಾಸಗಳು ಉಚಿತವಾಗಿ ಸಿಗುತ್ತವೆ, ಚೆನ್ನಾಗಿಯೂ ಇವೆ. ಆದರೆ ಅವನ್ನೂ ನಡುನಡುವೆ ನಿಲ್ಲಿಸಿ ಮುಂದಿನ ಹೆಜ್ಜೆಯನ್ನು ನೀವೇ ಬರೆದು ನೋಡದಿದ್ದರೆ ಅದೂ ಇನ್ನೊಂದು ಬಗೆಯ ಬರಿಯ ಓದಾಗುತ್ತದೆ.

ಅಣುಗಳ ಆಕಾರ ಕಾಗದದ ಮೇಲೆ ಅರ್ಥವಾಗದಿದ್ದರೆ ಅದಕ್ಕಾಗಿ ಕೊರಗಬೇಡಿ. 109.5 ಡಿಗ್ರಿ ಕೋನದಲ್ಲಿ ನಾಲ್ಕು ದಿಕ್ಕಿಗೆ ಚಾಚಿದ ಬಂಧಗಳನ್ನು ಚಪ್ಪಟೆ ಹಾಳೆಯಲ್ಲಿ ಕಾಣುವುದು ಯಾರಿಗೂ ಸುಲಭವಲ್ಲ. ಕಾಲೇಜಿನ ಲ್ಯಾಬಿನಲ್ಲಿ ಮಾಡೆಲ್ ಕಿಟ್ ಇದ್ದರೆ ಕೇಳಿ ಪಡೆಯಿರಿ, ಇಲ್ಲವಾದರೆ ಜೇಡಿಮಣ್ಣು ಮತ್ತು ಪೊರಕೆಕಡ್ಡಿ ಸಾಕು. ಸೈಕ್ಲೋಹೆಕ್ಸೇನಿನ ಕುರ್ಚಿ ಆಕಾರವನ್ನು ಒಮ್ಮೆ ಕೈಯಲ್ಲಿ ಹಿಡಿದು ತಿರುಗಿಸಿದವರು ಆಮೇಲೆ ಅದನ್ನು ಮರೆಯುವುದಿಲ್ಲ. ಪುಸ್ತಕ ಕೊಳ್ಳಬೇಕಾದರೆ ಅವೆನ್ಯೂ ರಸ್ತೆಯಲ್ಲಿ ಹಳೆಯ ಆವೃತ್ತಿಗಳನ್ನು ಹುಡುಕಿ. ಮೂಲಪಾಠದ ಮಟ್ಟಿಗೆ ಹಳೆಯದಕ್ಕೂ ಹೊಸದಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ.

ಭಾಷೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಖಚಿತವಾದದ್ದು. ಯೋಚನೆಯನ್ನು ಕನ್ನಡದಲ್ಲಿಯೇ ಮಾಡಿ. ನ್ಯೂಕ್ಲಿಯೋಫೈಲ್, ಕಾರ್ಬೊಕ್ಯಾಟಯಾನ್ ಮುಂತಾದ ಮಾತುಗಳು ಹಾಗೆಯೇ ಇರಲಿ. ಅವುಗಳ ನಡುವಿನ ಏಕೆ, ಹೇಗೆ, ಆದ್ದರಿಂದ ಎಂಬುದೆಲ್ಲ ನಿಮ್ಮ ಮನೆಮಾತಿನಲ್ಲಿ ನಡೆಯಲಿ. ರೂಮಿನ ಗೆಳತಿಗೆ ಒಂದು ರಿಯಾಕ್ಷನ್ನನ್ನು ಕನ್ನಡದಲ್ಲಿ ಪೂರ್ತಿ ವಿವರಿಸಲು ಸಾಧ್ಯವಾದರೆ, ಅದನ್ನು ಪರೀಕ್ಷೆಯಲ್ಲಿ ನಾಲ್ಕು ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯುವುದು ಅಭ್ಯಾಸದ ಮಾತಷ್ಟೇ. ತರಗತಿಯ ಮಧ್ಯೆ ಎದ್ದುನಿಂತು ಕೇಳಲು ಸಂಕೋಚವಾದರೆ, ಪಾಠ ಮುಗಿದ ಮೇಲೆ ನೀವು ಎಳೆದ ಬಾಣದ ಹಾಳೆಯನ್ನು ಹಿಡಿದುಕೊಂಡು ಸ್ಟಾಫ್ ರೂಮಿಗೆ ಹೋಗಿ, "ಮೇಡಂ, ಇಲ್ಲಿಯವರೆಗೆ ಬಂತು, ಇಲ್ಲಿಂದ ಮುಂದೆ ತಿಳಿಯಲಿಲ್ಲ" ಎಂದು ಕನ್ನಡದಲ್ಲಿಯೇ ಹೇಳಿ. ಏನೂ ಅರ್ಥವಾಗಲಿಲ್ಲ ಎಂದು ಬರುವವರಿಗಿಂತ ಎಲ್ಲಿ ತೊಡಕಾಯಿತೆಂದು ತೋರಿಸುವ ವಿದ್ಯಾರ್ಥಿಗೆ ಸಹಾಯ ಮಾಡುವುದು ಅಧ್ಯಾಪಕರಿಗೂ ಸುಲಭ.

ಅಪ್ಪ ಅಮ್ಮನಿಗೆ ಈ ವಾರವೇ ಹೇಳಿಬಿಡಿ. ಸೆಮಿಸ್ಟರ್ ಪರೀಕ್ಷೆ ಇನ್ನೂ ಮುಂದಿದೆ, ಹೇಗೆ ಓದುತ್ತಿದ್ದೇನೆ ಎಂಬುದನ್ನೂ ಜೊತೆಗೆ ತಿಳಿಸಿ. ನಿದ್ದೆ ಕೆಡುವುದು ಮುಂದುವರಿದರೆ, ಮನಸ್ಸು ತೀರಾ ಕುಗ್ಗಿದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ. ಕರೆ ಉಚಿತ, ಕನ್ನಡದಲ್ಲಿ ಮಾತನಾಡಬಹುದು.

ಪ್ರಶ್ನೆ: ಮಗ ದ್ವಿತೀಯ ಪಿಯುಸಿಯ ಮೊದಲ ಪರೀಕ್ಷೆಯಲ್ಲಿ ರಸಾಯನಶಾಸ್ತ್ರವೊಂದರಲ್ಲಿ ಅನುತ್ತೀರ್ಣನಾಗಿದ್ದಾನೆ. ಸಾಲ ಮಾಡಿಯಾದರೂ ದೊಡ್ಡ ಕೋಚಿಂಗ್‌ಗೆ ಸೇರಿಸಬೇಕೆಂದಿದ್ದೇನೆ. ಸರಿಯೇ?
— ಒಬ್ಬ ತಂದೆ, ಯಶವಂತಪುರ

ಉತ್ತರ: ಸಾಲ ಮಾಡುವ ಮೊದಲು ಪರೀಕ್ಷಾ ಮಂಡಳಿಗೆ ಶುಲ್ಕ ಕಟ್ಟಿ ಉತ್ತರಪತ್ರಿಕೆಯ ಪ್ರತಿಯನ್ನು ತರಿಸಿಕೊಳ್ಳಿ. ಅದು ಬಂದ ದಿನ ಬೈಯದೆ ಮಗನ ಪಕ್ಕದಲ್ಲಿ ಕುಳಿತು, ಎಲ್ಲೆಲ್ಲಿ ಅಂಕ ಹೋಗಿದೆಯೋ ಅಲ್ಲಲ್ಲಿ ಏನು ಬರೆಯಲು ಹೊರಟಿದ್ದೆ ಎಂದು ಅವನನ್ನೇ ಕೇಳಿ. ಲೆಕ್ಕಗಳಲ್ಲಿ ಹೋಗಿದ್ದರೆ ತೊಂದರೆ ಗಣಿತದ್ದು. ಒಂದು ಸಂಯುಕ್ತವನ್ನು ಇನ್ನೊಂದಾಗಿ ಮಾಡುವ ಪರಿವರ್ತನೆಗಳಲ್ಲಿ ಹೋಗಿದ್ದರೆ ಮೇಲಿನ ಉತ್ತರವನ್ನು ಅವನಿಗೆ ಓದಲು ಕೊಡಿ. ಬರೆಯದೆ ಬಿಟ್ಟ ಪ್ರಶ್ನೆಗಳೇ ಹೆಚ್ಚಾಗಿದ್ದರೆ ಸಮಯ ನೋಡಿಕೊಂಡು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬರೆಯುವ ಅಭ್ಯಾಸ ಬೇಕು. ಈ ಮೂರರಲ್ಲಿ ಯಾವುದಕ್ಕೂ ದೊಡ್ಡ ಹಣದ ಅಗತ್ಯವಿಲ್ಲ. ಅವನ ಕಾಲೇಜಿನ ಉಪನ್ಯಾಸಕರು ಮತ್ತು ಎನ್‌ಸಿಇಆರ್‌ಟಿ ಪಠ್ಯಪುಸ್ತಕ ಬಹುಮಟ್ಟಿಗೆ ಸಾಕು. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿವೆ, ಅವುಗಳಲ್ಲಿ ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಎರಡನೆಯ ಪರೀಕ್ಷೆಗೆ ಹೆಸರು ನೋಂದಾಯಿಸುವ ಕೊನೆಯ ದಿನ ಯಾವುದೆಂದು ನಾಳೆಯೇ ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿ.