ಎಡ್ವಿನ್ ಪಾಲಿಯ ಕಾಗದಪತ್ರಗಳನ್ನಷ್ಟೇ ಓದಬೇಡಿ

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಎರಡನೇ ಮಹಾಯುದ್ಧದ ನಂತರದ ಯುದ್ಧ ಪರಿಹಾರದ ಬಗ್ಗೆ ಎಂ.ಎ. ಪ್ರಬಂಧ ಬರೆಯುತ್ತಿದ್ದೀರಿ. ಪರಿಹಾರದ ಮಾತುಕತೆಯಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದ ಎಡ್ವಿನ್ ಪಾಲಿಯ ಖಾಸಗಿ ಕಾಗದಪತ್ರಗಳು ಅಲ್ಲಿನ ಅಧ್ಯಕ್ಷನಾಗಿದ್ದ ಟ್ರೂಮನ್ ಹೆಸರಿನ ಗ್ರಂಥಾಲಯದಲ್ಲಿವೆ. ಸರ್ಕಾರಿ ದಾಖಲೆಗಳೇ ಅಚ್ಚಾಗಿ ಸಿಗುವಾಗ ಇವುಗಳ ಗೊಡವೆ ಬೇಕೇ?

ಬೇಕು. ಆದರೆ ಪಾಲಿಯೊಬ್ಬನ ಕಾಗದ ನೋಡಿ ಕೈತೊಳೆದುಕೊಳ್ಳುವುದಾದರೆ ಬೇಡ.

ನಾನು ಈ ವಿಷಯಕ್ಕೆ ಬಂದದ್ದು ಅಡ್ಡದಾರಿಯಿಂದ. ಕಲಬುರಗಿಯವನಾದ ನನಗೆ ನಿಜಾಮನ ಕೊನೆಯ ವರ್ಷಗಳ ಇತಿಹಾಸದ ಹುಚ್ಚು. ಆತನ ಕಾನೂನು ಸಲಹೆಗಾರ ವಾಲ್ಟರ್ ಮಾಂಕ್ಟನ್‌ನ ಜಾಡು ಹಿಡಿದು ಹೋದರೆ, 1945ರ ಬೇಸಿಗೆಯಲ್ಲಿ ಆ ಮಹಾನುಭಾವ ಮಾಸ್ಕೋದಲ್ಲಿ ಬ್ರಿಟನ್ನಿನ ಪರವಾಗಿ ಪರಿಹಾರ ಆಯೋಗದಲ್ಲಿ ಕೂತಿದ್ದಾನೆ! ಜೊತೆಗೆ ಸೋವಿಯತ್ ಒಕ್ಕೂಟದ ಇವಾನ್ ಮೈಸ್ಕಿ ಮತ್ತು ನಿಮ್ಮ ಪಾಲಿ. ಜರ್ಮನಿಯಿಂದ ಒಟ್ಟು 2,000 ಕೋಟಿ ಡಾಲರ್, ಅದರಲ್ಲಿ ಅರ್ಧ ಸೋವಿಯತ್ ಪಾಲು ಎಂಬ ಯಾಲ್ಟಾ ಸಮ್ಮೇಳನದ ಅಂಕಿಯನ್ನು ಚರ್ಚೆಯ ಬುನಾದಿಯಾಗಿ ಹಿಡಿದು ಮೂವರೂ ಹಗ್ಗಜಗ್ಗಾಟಕ್ಕೆ ಇಳಿದರು. ಜರ್ಮನಿಯ ರಫ್ತಿನ ಹಣ ಮೊದಲು ಅದರ ಆಮದಿಗೆ ಸಲ್ಲಬೇಕು, ಪರಿಹಾರ ಆಮೇಲೆ ಎಂಬುದು ಪಾಲಿಯ ಪಟ್ಟು. ಮಾಸ್ಕೋದಲ್ಲಿ ಅದು ಬಗೆಹರಿಯಲಿಲ್ಲ. ಕೊನೆಗೆ ಪೋಟ್ಸ್‌ಡ್ಯಾಮ್ ಸಮ್ಮೇಳನದಲ್ಲಿ, ಮುಖ್ಯವಾಗಿ ಆಯಾ ದೇಶ ಜರ್ಮನಿಯಲ್ಲಿ ತನ್ನ ವಶದಲ್ಲಿರುವ ವಲಯದಿಂದಲೇ ಪರಿಹಾರ ಎತ್ತಿಕೊಳ್ಳಲಿ ಎಂದು ತೀರ್ಮಾನವಾಯಿತು.

ಇಷ್ಟೆಲ್ಲ ಅಮೆರಿಕದ ವಿದೇಶಾಂಗ ಇಲಾಖೆಯ ಅಚ್ಚಾದ ದಾಖಲೆ ಸಂಪುಟಗಳಲ್ಲೇ ಇದೆ, ಅಂತರ್ಜಾಲದಲ್ಲಿ ಉಚಿತ. ಮೊದಲು ಅವನ್ನು ಓದಿ ಮುಗಿಸಿ. ಅವುಗಳಲ್ಲಿ ಸಿಗದಿರುವುದು ಬರೆದವನು ಯಾರು, ಯಾವ ಒತ್ತಡದಲ್ಲಿದ್ದ, ಯಾರನ್ನು ಒಲಿಸಿಕೊಳ್ಳಲು ಬರೆದ ಎಂಬುದು.

ಪಾಲಿ ವೃತ್ತಿಯಿಂದ ಅಧಿಕಾರಿಯೇ ಅಲ್ಲ. ಕ್ಯಾಲಿಫೋರ್ನಿಯಾದ ತೈಲೋದ್ಯಮಿ, ಡೆಮಾಕ್ರಟಿಕ್ ಪಕ್ಷದ ಖಜಾಂಚಿಯಾಗಿ ದೇಣಿಗೆ ಎತ್ತಿದವನು. ಟ್ರೂಮನ್ ಅಧ್ಯಕ್ಷನಾದ ತಿಂಗಳಲ್ಲೇ ಅವನಿಗೆ ರಾಯಭಾರಿಯ ದರ್ಜೆ ಕೊಟ್ಟು ಈ ಕೆಲಸಕ್ಕೆ ಹಾಕಿದ. ಅದಕ್ಕೆ ಮೊದಲು ರೂಸ್ವೆಲ್ಟ್ ಆರಿಸಿದ್ದದ್ದು ಅರ್ಥಶಾಸ್ತ್ರಜ್ಞ ಇಸಡೋರ್ ಲ್ಯೂಬಿನ್‌ನನ್ನು. ಲ್ಯೂಬಿನ್ ಕೊನೆಗೆ ಪಾಲಿಯ ಕೈಕೆಳಗೆ ಮಾಸ್ಕೋಗೆ ಹೋಗಬೇಕಾಯಿತು. ಅವನ ಕಾಗದಗಳು ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ, ರೂಸ್ವೆಲ್ಟ್ ಗ್ರಂಥಾಲಯದಲ್ಲಿವೆ. ಒಂದೇ ನಿಯೋಗದ ಯಜಮಾನ ಮತ್ತು ಆ ಕುರ್ಚಿ ತಪ್ಪಿದವನು, ಇಬ್ಬರ ಕಾಗದವೂ ಉಳಿದಿರುವುದು ನಿಮ್ಮ ಅದೃಷ್ಟ. ಮಾಂಕ್ಟನ್‌ನವು ಆಕ್ಸ್‌ಫರ್ಡ್‌ನ ಬೋಡ್ಲಿಯನ್‌ನಲ್ಲಿವೆ. (ಅಲ್ಲಿ ಹೊಸ ಓದುಗರು ಗ್ರಂಥಾಲಯದೊಳಗೆ ಬೆಂಕಿ ಹಚ್ಚುವುದಿಲ್ಲ ಎಂದು ಪ್ರಮಾಣ ಮಾಡಬೇಕು.) ಮೈಸ್ಕಿಯ ಪಾಡು ಬೇರೆ. 1953ರಲ್ಲಿ, ಸ್ಟಾಲಿನ್ ಸಾಯುವ ಕೆಲವೇ ದಿನ ಮೊದಲು ಅವನನ್ನು ಬಂಧಿಸಿ ದಿನಚರಿಗಳನ್ನೆಲ್ಲ ಜಪ್ತಿ ಮಾಡಿದರು. ಖಾಸಗಿ ಕಾಗದ ಸುಲಭವಾಗಿ ಕೈಗೆ ಸಿಗುವುದು ಮನೆಗೆ ಒಯ್ಯಲು ಬಿಡುವ ದೇಶದಲ್ಲಿ. ಹಾಗಾಗಿ ನಿಮ್ಮ ಕಥೆ ತನ್ನಷ್ಟಕ್ಕೆ ಅಮೆರಿಕದ ಕಡೆಗೆ ವಾಲುತ್ತದೆ, ಅದನ್ನು ಪ್ರಬಂಧದ ಆರಂಭದಲ್ಲೇ ಹೇಳಿಬಿಡಿ.

ನನ್ನನ್ನು ಕೇಳಿದರೆ ನಿಜವಾದ ರಸ ಇರುವುದು ಜರ್ಮನಿಯಲ್ಲಲ್ಲ, 1946ರ ಮಂಚೂರಿಯಾ (ಚೀನಾದ ಈಶಾನ್ಯ ಭಾಗ) ಮತ್ತು ಕೊರಿಯಾದಲ್ಲಿ. ಆ ವರ್ಷದ ಆರಂಭದಲ್ಲಿ ಟ್ರೂಮನ್ ಪಾಲಿಯನ್ನು ನೌಕಾಪಡೆಯ ಅಧೀನ ಕಾರ್ಯದರ್ಶಿ ಹುದ್ದೆಗೆ ಹೆಸರಿಸಿದ್ದ. ತೈಲದ ದೇಣಿಗೆಗಳ ವಿಚಾರ ಎತ್ತಿ ಒಳಾಡಳಿತ ಕಾರ್ಯದರ್ಶಿ ಹೆರಾಲ್ಡ್ ಇಕೀಸ್ ವಿರುದ್ಧವಾಗಿ ಸಾಕ್ಷ್ಯ ನುಡಿದು ಫೆಬ್ರವರಿಯಲ್ಲಿ ರಾಜೀನಾಮೆಯನ್ನೇ ಕೊಟ್ಟ. ಮಾರ್ಚ್‌ನಲ್ಲಿ ಪಾಲಿ ಹಿಂದೆ ಸರಿದ. ಪತ್ರಿಕೆಗಳಲ್ಲಿ ಹೆಸರು ಕೆಟ್ಟ ಈ ಮನುಷ್ಯ ಮೇ ತಿಂಗಳಲ್ಲಿ ಎಂಜಿನಿಯರುಗಳ ತಂಡ ಕಟ್ಟಿಕೊಂಡು ಜಪಾನೀಯರು ಬಿಟ್ಟುಹೋದ ಕಾರ್ಖಾನೆಗಳ ಲೆಕ್ಕ ತೆಗೆಯಲು ಹೊರಟ. ಸೋವಿಯತ್ ಸೇನೆ ಮಂಚೂರಿಯಾದಿಂದ ಯಂತ್ರಗಳನ್ನು ಕಿತ್ತೊಯ್ದಿತ್ತು. ನೇರ ನಷ್ಟ 85.8 ಕೋಟಿ ಡಾಲರ್, ಮತ್ತೆ ಕಟ್ಟುವ ವೆಚ್ಚವನ್ನೂ ಹಾಳಾದದ್ದನ್ನೂ ಸೇರಿಸಿದರೆ ಸುಮಾರು 200 ಕೋಟಿ ಎಂದು ಅವನ ವರದಿ ಹೇಳಿತು. ಒಂದೇ ಕಾರ್ಖಾನೆಗೆ ಎರಡು ಬಗೆಯ ಲೆಕ್ಕ! ಪ್ರಬಂಧಗಳಲ್ಲಿ ಜನ ತಮಗೆ ಅನುಕೂಲವಾದದ್ದನ್ನು ಎತ್ತಿಕೊಳ್ಳುತ್ತಾರೆ.

ಉತ್ತರ ಕೊರಿಯಾದಲ್ಲಿ ಕಂಡದ್ದು ತದ್ವಿರುದ್ಧ. ಅಲ್ಲಿ ಯಂತ್ರಗಳು ಹೆಚ್ಚಾಗಿ ಜಾಗದಲ್ಲೇ ಇದ್ದವು. ಇದರಿಂದ ಪಾಲಿ ತೆಗೆದ ಅರ್ಥ, ಸೋವಿಯತ್ತರಿಗೆ ಅಲ್ಲಿಂದ ಬೇಗ ಕದಲುವ ಇರಾದೆ ಇಲ್ಲ ಎಂಬುದು. ಇದನ್ನು ಜೂನ್ 22ರಂದು ನೇರವಾಗಿ ಅಧ್ಯಕ್ಷನಿಗೇ ಬರೆದ. ಜುಲೈ 16ರ ಉತ್ತರದಲ್ಲಿ ಟ್ರೂಮನ್ ಒಪ್ಪಿದ. ಯಂತ್ರ ಎಣಿಸಲು ಹೋದವನು ರಾಜಕೀಯ ಸಲಹೆ ಕೊಟ್ಟು ಬಂದ. ಈ ಎರಡೂ ಪತ್ರಗಳು ಅಚ್ಚಿನಲ್ಲಿವೆ. ಆದರೆ ಆ ತೀರ್ಮಾನ ಎಂಜಿನಿಯರುಗಳ ಟಿಪ್ಪಣಿಯಿಂದ ಬಂತೋ, ಪಾಲಿ ಮೊದಲೇ ಮನಸ್ಸಿನಲ್ಲಿಟ್ಟುಕೊಂಡಿದ್ದನೋ ಎಂಬುದನ್ನು ಹುಡುಕಬೇಕಾದದ್ದು ಪ್ರವಾಸದ ಟಿಪ್ಪಣಿ, ಕರಡುಗಳಲ್ಲಿ. ನನ್ನ ಗುಮಾನಿ ಎರಡನೆಯದರ ಕಡೆಗಿದೆ.

ಇಂಥ ಸಂಗ್ರಹ ಓದುವಾಗ ಕಾರ್ಬನ್ ಪ್ರತಿಗಳ ಬಗ್ಗೆ ಎಚ್ಚರವಿರಲಿ. ತೆಳ್ಳನೆಯ ಕಾಗದ, ಬೆರಳಚ್ಚಿನ ಮಸುಕು ಅಕ್ಷರ, ಕೆಳಗೆ ಸಹಿ ಇರುವುದಿಲ್ಲ. ಆ ಪತ್ರ ಅಂಚೆಗೆ ಬಿತ್ತೋ ಇಲ್ಲವೋ ಅದನ್ನಷ್ಟೇ ನೋಡಿದರೆ ತಿಳಿಯದು. ತಲುಪಿದವರ ಕಡತದಲ್ಲಿ ಮೂಲ ಪ್ರತಿ ಸಿಗುವ ತನಕ "ಪಾಲಿ ಬರೆದ" ಎಂದಷ್ಟೇ ಹೇಳಿ, "ತಿಳಿಸಿದ" ಎನ್ನಬೇಡಿ. ಅಂಚಿನಲ್ಲಿ ಪೆನ್ಸಿಲ್ ಗುರುತಿದ್ದರೆ ಫೋಟೋದಲ್ಲಿ ಅದೂ ಬರುವಂತೆ ನೋಡಿಕೊಳ್ಳಿ.

ಭಾರತದ ಕೊಂಡಿಯನ್ನೂ ಕೇಳಿದ್ದೀರಿ. 1946ರ ಜನವರಿಯ ಪ್ಯಾರಿಸ್ ಒಪ್ಪಂದದಲ್ಲಿ ಜರ್ಮನಿಯ ಕಾರ್ಖಾನೆ, ಹಡಗುಗಳ ಪೈಕಿ ಭಾರತದ ಪಾಲು ಶೇ. 2.9, ಉಳಿದ ಬಗೆಯ ಪರಿಹಾರದಲ್ಲಿ ಶೇ. 2. ಹಂಚಿಕೆಯ ಸಂಸ್ಥೆ ಬ್ರಸೆಲ್ಸ್‌ನಲ್ಲಿತ್ತು. ಜಪಾನಿನ ವಿಷಯದಲ್ಲಿ 1952ರ ಜೂನ್ 9ರ ಪ್ರತ್ಯೇಕ ಶಾಂತಿ ಒಪ್ಪಂದದಲ್ಲಿ ಭಾರತ ಪರಿಹಾರದ ಹಕ್ಕನ್ನೇ ಬಿಟ್ಟುಕೊಟ್ಟಿತು. ಅದಕ್ಕೆ ಮುಂಚೆ, 1947-48ರಲ್ಲಿ, ಟೋಕಿಯೋದಲ್ಲಿ ನಮ್ಮ ಪ್ರತಿನಿಧಿಯಾಗಿದ್ದವರು ಮಂಗಳೂರು ಮೂಲದ ಬೆನಗಲ್ ರಾಮರಾವ್, ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದವರು. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ ಪಟಲ್ ಜಾಲತಾಣದಲ್ಲಿ ಆ ವರ್ಷಗಳ ವಿದೇಶಾಂಗ ಕಡತಗಳನ್ನು ಹುಡುಕಿ ನೋಡಿ, ಇದಕ್ಕೆ ವಿಮಾನದ ಖರ್ಚಿಲ್ಲ.

ಅಮೆರಿಕಕ್ಕೆ ಹೋಗಲು ದುಡ್ಡಿಲ್ಲದಿದ್ದರೂ ಅಡ್ಡಿಯಿಲ್ಲ. ಎರಡೂ ಗ್ರಂಥಾಲಯಗಳ ಜಾಲತಾಣದಲ್ಲಿ ಪೆಟ್ಟಿಗೆವಾರು ಸೂಚಿಪಟ್ಟಿ ನೋಡಿ, ಬೇಕಾದ ಪೆಟ್ಟಿಗೆ ಮತ್ತು ಫೋಲ್ಡರ್ ಹೆಸರನ್ನು ಬರೆದು ಅಲ್ಲಿನ ಪತ್ರಾಗಾರದವರಿಗೆ ಇಮೇಲ್ ಮಾಡಿ. "ಪರಿಹಾರದ ಬಗ್ಗೆ ಎಲ್ಲವನ್ನೂ ಕಳಿಸಿ" ಎಂದರೆ ಯಾರೂ ಕಳಿಸುವುದಿಲ್ಲ. ಜೂನ್, ಜುಲೈ 1945ರ ಲ್ಯೂಬಿನ್ ಕಾಗದಗಳಿಂದ ಶುರು ಮಾಡಿ, ಪಾಲಿಯವು ಆಮೇಲೆ.