ಸಂಪಾದಕರ ಉತ್ತರ: ಗಣಿತದಲ್ಲಿ 41 ಬಂದಿದೆ, ಸೈನ್ಸ್ ತಗೊಳ್ಳಲಾ?

ಪ್ರೀತಿಯ ತಂಗಿ,

ಆಳಂದ ತಾಲ್ಲೂಕಿನಿಂದ ನೀನು ಬರೆದ ಪತ್ರ ತಲುಪಿತು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 83, ಗಣಿತಕ್ಕೆ 41. "ಗಣಿತ ಬರದವಳಿಗೆ ಸೈನ್ಸ್ ಯಾಕೆ, ಸುಮ್ನೆ ಆರ್ಟ್ಸ್ ತಗೋ" ಎಂದು ಮನೆಯವರೂ ಹೇಳುತ್ತಾರೆ, ಶಾಲೆಯ ಸರ್ ಕೂಡ ಹೇಳುತ್ತಾರೆ. ಇದರ ನಡುವೆ ಇನ್ನೊಂದು ಸಾಲು ಬರೆದಿದ್ದೀಯ. ಹೋದ ವರ್ಷ ಹೊಲದ ತೊಗರಿಗೆ ನೆಟೆ ರೋಗ ಬಂದಾಗ ಒಣಗಿದ ಗಿಡ ಕಿತ್ತು, ಕಾಂಡ ಸೀಳಿ ನೋಡಿದೆಯಂತೆ. ಒಳಗೆ ಕಪ್ಪು ಗೆರೆ ಇತ್ತು, ಅದೇನು ಅಂತ ಯಾರೂ ಹೇಳಲಿಲ್ಲ ಎಂದಿದ್ದೀಯ. ಯಾರೂ ಹೇಳದೆ ಕಾಂಡ ಸೀಳಿ ನೋಡಿದ ಹುಡುಗಿ ಸೈನ್ಸ್ ಬಿಡಬಾರದು. ನನ್ನ ಅಭಿಪ್ರಾಯ ಇಷ್ಟೇ, ಉಳಿದದ್ದು ವಿವರ.

ಮೊದಲು ಆ ಗೆರೆಯ ವಿಷಯ. ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು, ನೀರು ಮೇಲೇರುವ ನಾಳಗಳನ್ನು ಕಟ್ಟಿಬಿಡುತ್ತದೆ. ನೀನು ಕಂಡದ್ದು ಆ ನಾಳಗಳನ್ನೇ. ಅದಕ್ಕೇ ನೆಲದಲ್ಲಿ ತೇವ ಇದ್ದರೂ ಗಿಡ ಒಣಗುತ್ತದೆ. ಎಷ್ಟೋ ಗಿಡಗಳಲ್ಲಿ ಬುಡದಿಂದ ಮೇಲಕ್ಕೆ ಒಂದು ನೇರಳೆ ಪಟ್ಟಿಯೂ ಏರಿರುತ್ತದೆ. ಮುಂದಿನ ಸಲ ಅದನ್ನೂ ನೋಡು. ಇಲ್ಲಿಯವರೆಗೆ ಕಣ್ಣು, ಚಾಕು, ಮೈಕ್ರೋಸ್ಕೋಪ್ ಸಾಕು.

ಈ ರೋಗ ತಡೆಯುವ ತಳಿ ಯಾವುದು ಎಂದು ಕೇಳಿದ ಕೂಡಲೇ ಲೆಕ್ಕ ಬರುತ್ತದೆ. ನಿಮ್ಮ ಹೊಲದ ಮೇಲ್ಭಾಗದಲ್ಲಿ ಒಂದು ತಳಿ, ತಗ್ಗಿನಲ್ಲಿ ಇನ್ನೊಂದು ಬಿತ್ತಿದೆ ಅಂದುಕೋ. ನೂರು ಗಿಡಕ್ಕೆ ಮೇಲೆ 12 ಸತ್ತವು, ಕೆಳಗೆ 30. ಮೇಲಿನ ತಳಿ ಒಳ್ಳೆಯದು ಅನ್ನಬಹುದಾ? ಆಗುವುದಿಲ್ಲ. ತಗ್ಗಿನಲ್ಲಿ ನೀರು ನಿಂತಿರಬಹುದು. ಶಿಲೀಂಧ್ರ ಅಲ್ಲಿಯ ಮಣ್ಣಿನಲ್ಲಿ ಹಿಂದಿನ ವರ್ಷಗಳಿಂದಲೇ ಉಳಿದಿರಬಹುದು, ಅದು ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಹೊಲವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಯಾವ ತುಂಡಿಗೆ ಯಾವ ತಳಿ ಎಂದು ಚೀಟಿ ಎತ್ತಿ ಬಿತ್ತುತ್ತಾರೆ. ಪ್ರತಿ ತಳಿಯನ್ನೂ ನಾಲ್ಕಾರು ಕಡೆ ಹಾಕುತ್ತಾರೆ. ಆಮೇಲೆ, ಈ ವ್ಯತ್ಯಾಸ ತಳಿಯಿಂದ ಬಂತೋ, ಸುಮ್ಮನೆ ಆಕಸ್ಮಿಕವಾಗಿ ಬಂತೋ ಎಂದು ಲೆಕ್ಕ ಹಾಕುತ್ತಾರೆ. ಈ ದಾರಿ ತೋರಿಸಿದವರು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರಕ್ಕೆ ಕೆಲಸಕ್ಕೆ ಸೇರಿ, ಹೊಲದ ಅಂಕಿಗಳನ್ನು ನೋಡುತ್ತಲೇ ಅವರು ಇದನ್ನು ಕಟ್ಟಿದರು. ನೆಟೆ ತಡೆಯುವ ಮಾರುತಿ, ಟಿಎಸ್-3ಆರ್ ತಳಿಗಳು ನಮ್ಮ ಭಾಗದ ರೈತರ ಕೈಗೆ ಬಂದದ್ದು ಇಂಥ ಪ್ರಯೋಗಗಳನ್ನು ದಾಟಿಯೇ.

ಮೇಲೆ ಬರೆದದ್ದು ನಿನಗೆ ಅರ್ಥವಾಯಿತು ಅಲ್ವಾ? ಹಾಗಿದ್ದರೆ ಸಂಖ್ಯಾಶಾಸ್ತ್ರದ ತಿರುಳು ನಿನಗೆ ಹತ್ತಿದೆ. ಸೂತ್ರಗಳು ಆಮೇಲೆ ಬರುತ್ತವೆ, ಹೆಚ್ಚಿನ ಲೆಕ್ಕವನ್ನು ಈಗ ಕಂಪ್ಯೂಟರೇ ಮಾಡುತ್ತದೆ. ಏನು ಕೇಳಬೇಕು ಅನ್ನುವುದು ಮಾತ್ರ ನಿನಗೇ ಗೊತ್ತಿರಬೇಕು. ಮೂರು ಗಂಟೆಯಲ್ಲಿ ಇಷ್ಟು ಲೆಕ್ಕ ಮುಗಿಸು ಅನ್ನುವ ಪರೀಕ್ಷೆ ಬೇರೆ, ಒಂದೇ ಲೆಕ್ಕವನ್ನು ವಾರಗಟ್ಟಲೆ ಹಿಡಿದು ಕೂರುವ ಕೆಲಸ ಬೇರೆ. 41 ಅಂಕ ಮೊದಲನೆಯದರ ಬಗ್ಗೆ ಮಾತ್ರ ಹೇಳುತ್ತದೆ.

ಇಂಥ ಪತ್ರಗಳಿಗೆ ಎಲ್ಲರೂ ಮೈಕೆಲ್ ಫ್ಯಾರಡೆಯ ಹೆಸರು ಹೇಳುತ್ತಾರೆ. ಹೆಚ್ಚಿನ ಗಣಿತ ಬರದೆಯೇ ಅವರು 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆ ಕಂಡುಹಿಡಿದದ್ದು ನಿಜ. ಆದರೆ ಆ ಕಾಲ ಹೋಯಿತು. ಇವತ್ತು ಗಣಿತ ಬಿಟ್ಟು ಭೌತವಿಜ್ಞಾನಿ ಆಗುತ್ತೇನೆ ಅಂದರೆ ನಾನು ಹೂಂ ಅನ್ನಲಾರೆ. ನಿನಗೆ ಹತ್ತಿರವಾದ ಉದಾಹರಣೆ ಇರುವೆಗಳನ್ನು ಅಧ್ಯಯನ ಮಾಡಿದ ಎಡ್ವರ್ಡ್ ವಿಲ್ಸನ್. ಅವರು ಕ್ಯಾಲ್ಕುಲಸ್ ಎಂಬ ಮೇಲ್ಮಟ್ಟದ ಗಣಿತ ಕಲಿಯಲು ಕೂತದ್ದು 32ನೇ ವಯಸ್ಸಿನಲ್ಲಿ, ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾದ ಮೇಲೆ, ವಿದ್ಯಾರ್ಥಿಗಳ ಜೊತೆ ಬೆಂಚಿನಲ್ಲಿ. ಸಿ ಗ್ರೇಡ್ ದಾಟಲಿಲ್ಲ. ದ್ವೀಪಗಳಲ್ಲಿ ಎಷ್ಟು ಬಗೆಯ ಜೀವಿಗಳು ಉಳಿಯುತ್ತವೆ ಎಂಬ ಹೆಸರಾಂತ ಸಿದ್ಧಾಂತವನ್ನು, ಗಣಿತ ಚೆನ್ನಾಗಿ ಬಲ್ಲ ರಾಬರ್ಟ್ ಮೆಕಾರ್ಥರ್ ಜೊತೆ ಸೇರಿ ಕಟ್ಟಿದರು.

ಇನ್ನು ನೀನು ಮಾಡಬೇಕಾದ ಕೆಲಸ. ಕಾಲೇಜು ಶುರುವಾಗುವ ಮುಂಚೆ ಏಳನೇ ತರಗತಿಯ ಗಣಿತ ಪುಸ್ತಕ ತೆಗಿ. ನಾಚಿಕೆ ಬೇಡ. ಭಿನ್ನರಾಶಿ, ಶೇಕಡಾ, ಅನುಪಾತ ಗಟ್ಟಿ ಮಾಡಿಕೋ. ಹತ್ತನೇ ತರಗತಿಯ ಗಣಿತದಲ್ಲಿ ಎಷ್ಟೋ ಜನ ಎಡವುವುದು ಇಲ್ಲೇ. ಪಿಯುಸಿ ರಸಾಯನಶಾಸ್ತ್ರದ ಮೋಲ್ ಲೆಕ್ಕ, ದ್ರಾವಣದ ಲೆಕ್ಕ ಎರಡೂ ಅನುಪಾತವೇ. ಲಾಗರಿದಮ್ ಹೊಸದು, ಅದನ್ನು ಅಲ್ಲಿ ಎಲ್ಲರೂ ಮೊದಲಿನಿಂದಲೇ ಕಲಿಯುತ್ತಾರೆ.

ಗಣಿತ ಇಲ್ಲದ ಸೈನ್ಸ್ ಕಾಂಬಿನೇಷನ್ ಇದೆಯಾ ಎಂದು ಕಾಲೇಜಿನಲ್ಲಿ ಕೇಳು. ಕೆಲವು ಕಡೆ ಸಿಗುತ್ತದೆ. ಅದನ್ನು ತೆಗೆದುಕೊಂಡರೆ ಎಂಜಿನಿಯರಿಂಗ್ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ನೀಟ್ ಪರೀಕ್ಷೆಯಲ್ಲಿ ಗಣಿತದ ಪತ್ರಿಕೆ ಇಲ್ಲ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರದ ಬಿ.ಎಸ್ಸಿ.ಗೂ ತೊಂದರೆ ಇಲ್ಲ. ಕೃಷಿ ಪದವಿಯ ನಿಯಮ ಮಾತ್ರ ಬೇರೆ ಇರಬಹುದು, ಸೇರುವ ಮುಂಚೆ ವಿಚಾರಿಸಿಯೇ ಮುಂದುವರಿ. ನಿನ್ನ ಆಸೆ ಅತ್ತ ಕಡೆಯೇ ಇದೆ ಎಂದು ಪತ್ರ ಹೇಳುತ್ತದೆ.

ಕಲಬುರಗಿಗೆ ಬಂದಾಗ ಆಳಂದ ರಸ್ತೆಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಅಪ್ಪನನ್ನೂ ಕರೆದುಕೊಂಡು ಹೋಗು. ಒಣಗಿದ ಗಿಡ ಒಂದೆರಡು ಜೊತೆಯಲ್ಲಿರಲಿ. ತೊಗರಿ ಪ್ರಯೋಗದ ತಾಕುಗಳನ್ನು ತೋರಿಸಿ ಎಂದು ಕೇಳು. ಯಾವ ತಳಿಯನ್ನು ಎಷ್ಟು ಕಡೆ ಹಾಕಿದ್ದಾರೆ, ಯಾಕೆ ಎಂದೂ ಕೇಳು.