ರಾಜೀನಾಮೆಗೆ ಮೊದಲು ಎರಡು ವಾರದ ನೋಟ್‌ಬುಕ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಅವರಿಗೆ ಮೂವತ್ತೊಂದು ವರ್ಷ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಸೀನಿಯರ್ ಡೆವಲಪರ್. ‘ಅಲ್ಲಿನ ಕಲ್ಚರೇ ಸರಿಯಿಲ್ಲ, ಸೋಮವಾರ ಪೇಪರ್ ಹಾಕಿಬಿಡ್ತೀನಿ’ ಎನ್ನುತ್ತ ನಮ್ಮಲ್ಲಿಗೆ ಆಪ್ತ ಸಮಾಲೋಚನೆಗೆ ಬಂದರು. ಭಾನುವಾರ ಸಂಜೆಯಾದರೆ ಹೊಟ್ಟೆಯಲ್ಲಿ ಸಂಕಟ. ರಾತ್ರಿ ಎರಡಕ್ಕೆ ಎಚ್ಚರವಾದರೆ ಫೋನ್ ನೋಡದೆ ಮತ್ತೆ ನಿದ್ದೆ ಹತ್ತುವುದಿಲ್ಲ.

ಆಫೀಸಿನ ಮಾತಿಗೆ ಮೊದಲು ನಿದ್ದೆ, ಹಸಿವು ವಿಚಾರಿಸಿ, ಬದುಕೇ ಬೇಡ ಅನಿಸುತ್ತದೆಯೇ ಎಂದು ನೇರವಾಗಿ ಕೇಳಿದೆವು. ಅಂಥ ಯೋಚನೆ ಇರಲಿಲ್ಲ. ಇದ್ದಿದ್ದರೆ ಅಂದೇ ಮನೋವೈದ್ಯರನ್ನು ಕಾಣಬೇಕಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.

ಎರಡು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಿದೆವು: ದಿನಾಂಕ, ಸಮಯ, ಯಾರು ಏನಂದರು, ಆಗ ಮೈಗೆ ಏನಾಯಿತು. ‘ಅವಮಾನ ಮಾಡಿದರು’ ಅಂತ ಬರೆದರೆ ಸಾಲದು, ಆಡಿದ ಮಾತೇ ಬೇಕು.

ಎಲ್ಲದಕ್ಕೂ ಮ್ಯಾನೇಜರೇ ಕಾರಣ ಎಂದು ಅವರು ನಂಬಿದ್ದರು. ಪುಟ ತಿರುವಿದರೆ ಬರೆದಿದ್ದರಲ್ಲಿ ಹೆಚ್ಚಿನವು ಆನ್‌ಕಾಲ್ ಸರದಿಯವು, ಅಂದರೆ ಸಿಸ್ಟಮ್ ಕೆಟ್ಟರೆ ಯಾವ ಹೊತ್ತಿನಲ್ಲೂ ಎದ್ದು ನೋಡಬೇಕಾದ ಪಾಳಿಯವು. ನಾಲ್ವರ ಪೈಕಿ ಇಬ್ಬರು ಕೆಲಸ ಬಿಟ್ಟ ಮೇಲೆ ವಾರ ಬಿಟ್ಟು ವಾರ ಇವರದೇ ಪಾಳಿ. ರಾತ್ರಿ ಮೂರಕ್ಕೆ ಅಲರ್ಟ್ ಬಂದರೂ ಬೆಳಿಗ್ಗೆ ಒಂಬತ್ತೂವರೆಗೆ ಸ್ಟ್ಯಾಂಡಪ್‌ನಲ್ಲಿ (ತಂಡದ ದಿನನಿತ್ಯದ ಚುಟುಕು ಸಭೆ) ಹಾಜರಿರಬೇಕು. ತಂಡದೆದುರು ಮ್ಯಾನೇಜರ್‌ರಿಂದ ‘ಇಷ್ಟಕ್ಕೆ ಎರಡು ದಿನ ಬೇಕಾ?’ ಅನ್ನಿಸಿಕೊಂಡಿದ್ದು ಎರಡು ಸಲ. ತಪ್ಪಿದ ಬಡ್ತಿಯ ನೋವು ಬೇರೆಯೇ.

ಆನ್‌ಕಾಲ್ ವಿಷಯವನ್ನು ಮ್ಯಾನೇಜರ್ ಹತ್ತಿರವೇ, ಅಂಕಿ ಸಮೇತ ಎತ್ತಬೇಕು: ‘ಎರಡು ವಾರದಲ್ಲಿ ರಾತ್ರಿ ಹನ್ನೊಂದರ ಮೇಲೆ ಒಂಬತ್ತು ಅಲರ್ಟ್ ಬಂದಿವೆ. ಮಾರನೇ ದಿನ ಹನ್ನೊಂದಕ್ಕೆ ಲಾಗಿನ್ ಆಗ್ತೀನಿ. ಸರದಿಗೆ ಇನ್ನೊಬ್ಬರನ್ನು ಕೊಡಿ.’ ಒಪ್ಪಿದ್ದನ್ನು ಅದೇ ಸಂಜೆ ಮೂರು ಸಾಲಿನ ಮೇಲ್ ಮಾಡಬೇಕು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ, ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ಎನ್ನುತ್ತದೆ. ತಿಳಿದಿರಲಿ. ಆದರೆ ಮೊದಲ ಮಾತಿಗೇ ಕಾನೂನು ತೆಗೆದರೆ ಎದುರಿನವರು ಬಾಯಿ ಮುಚ್ಚಿಕೊಂಡು ಎಚ್‌ಆರ್ ಕಡೆ ಕೈ ತೋರಿಸುತ್ತಾರೆ.

ತಂಡದೆದುರಿನ ಅವಮಾನದಂಥದ್ದನ್ನು ಎಚ್‌ಆರ್‌ಗೆ ಬರೆಯುವಾಗಲೇ ಬಹಳ ಮಂದಿ ಎಡವುವುದು. ಹತ್ತು ದೂರುಗಳನ್ನು ಒಂದೇ ಮೇಲ್‌ಗೆ ತುರುಕಿದರೆ ಅವುಗಳಲ್ಲಿ ಅತಿ ಸಣ್ಣದಕ್ಕೆ ಉತ್ತರ ಕೊಟ್ಟು ಕಡತ ಮುಚ್ಚುತ್ತಾರೆ. ಒಂದೇ ವಿಷಯ, ದಿನಾಂಕ, ಅಲ್ಲಿದ್ದವರು, ಏನಾಗಬೇಕು: ಇಷ್ಟು ಸಾಕು. ಬಡ್ತಿಯ ಪ್ರಶ್ನೆಯನ್ನು ಇದಕ್ಕೆ ಬೆರೆಸಬಾರದು. ಕಿರುಕುಳ ಲೈಂಗಿಕ ಸ್ವರೂಪದ್ದಾದರೆ, ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಘಟನೆಯಾದ ಮೂರು ತಿಂಗಳೊಳಗೆ ಕಂಪನಿಯ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು. ಇನ್ನೊಂದು: ಸಾಕ್ಷಿಗೆಂದು ಆಫೀಸಿನ ಮೇಲ್‌ಗಳನ್ನು ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ. ಅದನ್ನೇ ಗೋಪ್ಯತೆಯ ಉಲ್ಲಂಘನೆ ಎಂದು ನಿಮ್ಮ ಮೇಲೆ ತಿರುಗಿಸಬಹುದು.

ರಾಜೀನಾಮೆ ಬೇಡ ಎಂದು ನಾವು ಹೇಳಲಿಲ್ಲ. ನಿದ್ದೆಗೆಟ್ಟ ರಾತ್ರಿ ತೀರ್ಮಾನಿಸಬೇಡಿ ಎಂದೆವು. ಗೃಹಸಾಲದ ಕಂತೂ ಸೇರಿ ಆರು ತಿಂಗಳ ಖರ್ಚು ಕೈಯಲ್ಲಿದೆಯೇ, ತೊಂಬತ್ತು ದಿನದ ನೋಟಿಸ್ ಅವಧಿ ಹೇಗೆ ಕಳೆಯುತ್ತದೆ ಎಂದು ಲೆಕ್ಕ ಹಾಕಿ ಬರಲು ತಿಳಿಸಿದೆವು.

ತಿಂಗಳೊಳಗೆ ಸರದಿಗೆ ಮೂರನೆಯವರು ಬಂದರು, ನಿದ್ದೆ ಸುಧಾರಿಸಿತು. ಮ್ಯಾನೇಜರರ ಮಾತಿನ ಧಾಟಿ ಬದಲಾಗಿಲ್ಲ. ಹಾಗಾಗಿ ಅದೇ ಕಂಪನಿಯ ಬೇರೆ ತಂಡಕ್ಕೆ ವರ್ಗ ಕೇಳಿದ್ದಾರೆ. ಅದು ಸಿಗದಿದ್ದರೆ ಬಿಡುವುದು ಎಂದು ಪತಿಯೊಂದಿಗೆ ಕೂತು ನಿರ್ಧರಿಸಿದ್ದಾರೆ.